ಹಲ್ಲಿನ ಮೇಲಿನ ಕಲೆ

ಸುಂದರಿಯ ನಗೆಯನ್ನು ಬಣ್ಣಿಸಹೊರಟ ಕವಿಗೆ ಉಪಮಾನಗಳ ಬಡತನವೆಂಬುದಿಲ್ಲ. ಮಲ್ಲಿಗೆಯ ಮೊಗ್ಗು, ಮುತ್ತಿನ ಸಾಲು, ದಾಳಿಂಬೆಯ ಬೀಜ ಇವೆಲ್ಲವೂ ದಂತಪಂಕ್ತಿಯ ಸೇವೆಗೆ ಕೈಕಟ್ಟಿ ನಿಂತಿರುತ್ತವೆ. ಇಂತಹುದೇ ಒಂದು ಪದ್ಯವನ್ನು ಪಾಠ ಹೇಳುತ್ತಿದ್ದ ದಿನ ನನ್ನಿಂದೊಂದು ಪ್ರಮಾದ ನಡೆಯಿತು.

ಪದ್ಯವನ್ನು ಓದಲು ಅಜ್ಜಂಪುರದ ಆಚೆಯ ಹಳ್ಳಿಯೊಂದರಿಂದ ಬರುವ ವಿದ್ಯಾರ್ಥಿನಿಗೆ ಹೇಳಿದೆ. ಆಕೆ ವೇಲಿನ ಅಂಚನ್ನು ಬಾಯಿಗೆ ಅಡ್ಡವಾಗಿ ಹಿಡಿದೇ ಓದಿದಳು. “ಬಾಯಿಬಿಟ್ಟು ಓದಮ್ಮ” ಎಂದೆ. ವೇಲು ಸರಿಯಿತು. ಮುಂದಿನ ಹಲ್ಲುಗಳ ಮೇಲೆ ಅಡ್ಡಡ್ಡವಾಗಿ ಕಂದುಬಣ್ಣದ ಪಟ್ಟೆಗಳಿದ್ದವು. ತರಗತಿ ಮುಗಿದ ಮೇಲೆ ಆಕೆಯನ್ನು ಕರೆದು, ಹಿತವಚನವೆಂದೇ ಭಾವಿಸಿ, ಎರಡು ಹೊತ್ತೂ ಹಲ್ಲುಜ್ಜುವ ಅಭ್ಯಾಸ ಒಳ್ಳೆಯದೆಂದು ಉಪದೇಶ ಮಾಡಿದೆ.

ಆಕೆ ತಲೆ ತಗ್ಗಿಸಿ, “ಉಜ್ಜಿ ಉಜ್ಜಿ ಒಸಡಿನಲ್ಲಿ ರಕ್ತ ಬಂದಿದೆ ಸಾರ್. ಇಟ್ಟಿಗೆ ಪುಡಿಯಲ್ಲೂ ಉಜ್ಜಿದ್ದೇನೆ. ಕಲೆ ಹೋಗುವುದಿಲ್ಲ. ನಮ್ಮ ಬೀದಿಯ ಹುಡುಗರಿಗೆಲ್ಲ ಹೀಗೆಯೇ. ನಮ್ಮಜ್ಜಿಗೆ ಮಾತ್ರ ಹಲ್ಲು ಬೆಳ್ಳಗಿದೆ. ಅವರು ಕೆರೆಯ ನೀರು ಕುಡಿದು ಬೆಳೆದವರು” ಎಂದಳು.

ದಂತವೈದ್ಯರಾದ ಮಿತ್ರರೊಬ್ಬರ ಬಳಿ ಅಂದೇ ಸಂಜೆ ಈ ಸಂಗತಿಯನ್ನು ಹೇಳಿದೆ. “ನಿಮ್ಮ ಶಿಷ್ಯೆ ನಿಮಗಿಂತ ಬುದ್ಧಿವಂತೆ. ರೋಗದ ಕಾರಣವನ್ನು ಆಕೆಯೇ ಹೇಳಿದ್ದಾಳೆ. ಅದು ಕೊಳೆಯಲ್ಲ, ನೀರು” ಎಂದು ಅವರು ನಕ್ಕರು.

ನಮ್ಮ ಸೀಮೆಯ ನೆಲವನ್ನು ಬಲ್ಲವರಿಗೆ ಈ ಮಾತಿನ ಅರ್ಥ ಬೇಗ ಹೊಳೆದೀತು. ತರೀಕೆರೆಯ ಪಶ್ಚಿಮದಲ್ಲಿ ಕೆಮ್ಮಣ್ಣುಗುಂಡಿಯ ಬೆಟ್ಟಗಳು, ಲಕ್ಕವಳ್ಳಿಯಲ್ಲಿ ಭದ್ರೆಯ ಜಲಾಶಯ. ಪೂರ್ವಕ್ಕೆ ಸರಿದು ಕಡೂರು, ಅಜ್ಜಂಪುರಗಳತ್ತ ಬಂದರೆ ಮಳೆ ಕಡಿಮೆಯಾಗಿ ಬಯಲುಸೀಮೆ ತೆರೆದುಕೊಳ್ಳುತ್ತದೆ. ಹಿಂದಿನವರು ಇಲ್ಲಿ ಕೆರೆಗಳನ್ನೂ ಸೇದುವ ಬಾವಿಗಳನ್ನೂ ನೆಚ್ಚಿ ಬದುಕಿದರು. ಅನಂತರ ಕೊಳವೆಬಾವಿಗಳು ಬಂದವು. ಅಂತರ್ಜಲ ಇಳಿದಂತೆಲ್ಲ ಅವು ಇನ್ನೂ ಆಳಕ್ಕೆ ಇಳಿದವು. ಬಂಡೆಗಳ ನಡುವೆ ಬಹುಕಾಲ ನಿಂತ ನೀರು ಕಲ್ಲಿನಲ್ಲಿರುವ ಫ್ಲೋರೈಡನ್ನು ಕರಗಿಸಿಕೊಳ್ಳುತ್ತದೆ. ಕಡೂರು, ತರೀಕೆರೆ ಭಾಗದ ಕೆಲವು ಹಳ್ಳಿಗಳ ಕೊಳವೆಬಾವಿಗಳಲ್ಲಿ ಅದು ಮಿತಿಮೀರಿರುವುದು ಪರೀಕ್ಷೆಗಳಿಂದ ತಿಳಿದುಬಂದಿದೆ.

ಇದು ನಮ್ಮೊಬ್ಬರ ದುರದೃಷ್ಟವೇನೂ ಅಲ್ಲ. 1901ರಲ್ಲಿ ಅಮೆರಿಕದ ಕೊಲೊರಾಡೊ ಸ್ಪ್ರಿಂಗ್ಸ್ ಪಟ್ಟಣಕ್ಕೆ ಹೋದ ಫ್ರೆಡರಿಕ್ ಮೆಕೇ ಎಂಬ ತರುಣ ದಂತವೈದ್ಯನು ಅಲ್ಲಿಯ ಜನರ ಹಲ್ಲುಗಳ ಮೇಲೆ ಇಂತಹುದೇ ಕಂದು ಕಲೆಗಳನ್ನು ಕಂಡು ಬೆರಗಾದನು. ಕಾರಣ ನೀರಿನಲ್ಲಿದೆಯೆಂದು ಅವನು ಶಂಕಿಸಿದರೂ, ಆ ಕಾರಣ ಫ್ಲೋರೈಡೆಂದು ಖಚಿತವಾದುದು 1931ರಲ್ಲಿ. ನಮ್ಮ ದೇಶದಲ್ಲಿ ನೆಲ್ಲೂರಿನ ಕಡೆಯ ರೈತರಲ್ಲಿ ಈ ಬಾಧೆಯನ್ನು ಗುರುತಿಸಿ 1937ರಲ್ಲಿ ವರದಿ ಮಾಡಲಾಯಿತು. ವೈದ್ಯರು ಇದನ್ನು ಫ್ಲೋರೋಸಿಸ್ ಎನ್ನುತ್ತಾರೆ.

ಇಲ್ಲೊಂದು ವಿಚಿತ್ರವುಂಟು. ಇದೇ ಫ್ಲೋರೈಡು ಅಲ್ಪಪ್ರಮಾಣದಲ್ಲಿ ಹಲ್ಲಿಗೆ ಮಿತ್ರ. ಆದಕಾರಣವೇ ಅದನ್ನು ಟೂತ್‌ಪೇಸ್ಟಿಗೆ ಸೇರಿಸುತ್ತಾರೆ. ಅತಿಯಾದಾಗ ಅದೇ ಶತ್ರುವಾಗುತ್ತದೆ. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಮೀರಬಾರದೆಂದೂ, ಬೇರೆ ನೀರೇ ಇಲ್ಲದೆಡೆ 1.5 ಮಿಲಿಗ್ರಾಂವರೆಗೆ ಸಹಿಸಬಹುದೆಂದೂ ನಮ್ಮ ದೇಶದ ಮಾನದಂಡ ಹೇಳುತ್ತದೆ.

ಹಲ್ಲಿನ ಮೇಲಿನ ಗಟ್ಟಿಯಾದ ಕವಚಕ್ಕೆ ಎನಾಮಲ್ ಎಂದು ಹೆಸರು. ಹಲ್ಲು ಒಸಡನ್ನು ಸೀಳಿ ಹೊರಬರುವ ಮೊದಲೇ, ದವಡೆಯೊಳಗೆ ಈ ಕವಚ ಸಿದ್ಧವಾಗುತ್ತದೆ. ಹುಟ್ಟಿನಿಂದ ಸುಮಾರು ಎಂಟು ವರ್ಷದವರೆಗೆ, ಅದರಲ್ಲಿಯೂ ಮುಂದಿನ ಹಲ್ಲುಗಳ ಮಟ್ಟಿಗೆ ಮೊದಲ ಮೂರು ವರ್ಷಗಳಲ್ಲಿ, ಮಗು ಅತಿಯಾದ ಫ್ಲೋರೈಡನ್ನು ಸೇವಿಸಿದರೆ ಕವಚವು ಸರಿಯಾಗಿ ಕೂಡಿಕೊಳ್ಳುವುದಿಲ್ಲ. ಮೊದಲು ಸುಣ್ಣದಂತಹ ಬಿಳಿಯ ಮಚ್ಚೆ, ಬಾಧೆ ಹೆಚ್ಚಾದಲ್ಲಿ ಕಂದು ಪಟ್ಟೆ. ಕಲೆ ಹಲ್ಲಿನ ಮೇಲೆ ಕೂತಿರುವುದಲ್ಲ, ಹಲ್ಲಿನೊಳಗೇ ಸೇರಿರುವುದು. ಅದನ್ನು ಉಜ್ಜಿ ತೆಗೆಯುತ್ತೇನೆಂದು ಹೊರಟವರು ಕವಚವನ್ನೇ ಸವೆಸಿಕೊಳ್ಳುತ್ತಾರೆ. ಇಟ್ಟಿಗೆ ಪುಡಿ, ಇದ್ದಿಲು, ಮರಳುಪ್ಪು ಇವುಗಳಿಂದ ಆಗುವ ಉಪಕಾರ ಇಷ್ಟೇ.

ಹಾಗಾದರೆ ಮಾಡಬೇಕಾದುದೇನು? ಮೊದಲನೆಯದು, ಮನೆಯ ಕೊಳವೆಬಾವಿಯ ನೀರನ್ನು ಪರೀಕ್ಷೆ ಮಾಡಿಸುವುದು. ಪಟ್ಟಣದ ಹೊಸ ಬಡಾವಣೆಗಳಲ್ಲಿ ಮನೆ ಕಟ್ಟಿ ಬಾವಿ ಕೊರೆಸಿದವರಿಗೂ ಈ ಮಾತು ಸಲ್ಲುತ್ತದೆ. ಎರಡನೆಯದು, ನೀರು ಕುದಿಸಿದರೆ ಎಲ್ಲ ದೋಷವೂ ಹೋಗುತ್ತದೆಂಬ ನಂಬಿಕೆಯನ್ನು ಇಲ್ಲಿ ಬಿಡುವುದು. ಕುದಿಸಿದರೆ ರೋಗಾಣುಗಳು ಸಾಯುತ್ತವೆ, ಫ್ಲೋರೈಡು ಹೋಗುವುದಿಲ್ಲ. ನೀರು ಆವಿಯಾದಷ್ಟೂ ಅದರ ಸಾಂದ್ರತೆ ಹೆಚ್ಚುತ್ತದೆ. ಮೂರನೆಯದು, ಕುಡಿಯುವುದಕ್ಕೂ ಅಡುಗೆಗೂ ಬೇರೆ ನೀರನ್ನು ಬಳಸುವುದು. ನಾಣ್ಯ ಹಾಕಿ ಕೊಡ ತುಂಬಿಸಿಕೊಳ್ಳುವ ಶುದ್ಧ ನೀರಿನ ಘಟಕವಾಗಲಿ, ಮಾಳಿಗೆಯಿಂದ ಶುಚಿಯಾಗಿ ಹಿಡಿದಿಟ್ಟ ಮಳೆನೀರಾಗಲಿ, ನದಿಯಿಂದ ಬರುವ ನಲ್ಲಿನೀರಾಗಲಿ ಆದೀತು. ಸ್ನಾನಕ್ಕೆ, ಬಟ್ಟೆಗೆ ಬಾವಿಯ ನೀರಿನಿಂದ ಭಯವಿಲ್ಲ. ದೊಡ್ಡವರ ಹಲ್ಲಿಗೆ ಹೊಸದಾಗಿ ಕಲೆ ಬೀಳದಿದ್ದರೂ, ಬಹುಕಾಲ ಇಂತಹ ನೀರು ಕುಡಿದರೆ ಮೂಳೆ, ಕೀಲುಗಳಿಗೆ ಕೇಡು ತಪ್ಪದು.

ಈಗಾಗಲೇ ಕಲೆಯಾದ ಹಲ್ಲಿಗೂ ಉಪಾಯವುಂಟು. ದಂತವೈದ್ಯರು ಮೇಲ್ಪದರವನ್ನು ನವಿರಾಗಿ ಉಜ್ಜಿ ಹೊಳಪು ಕೊಡಬಲ್ಲರು. ಕಲೆ ಆಳವಾಗಿದ್ದರೆ ಹಲ್ಲಿನ ಬಣ್ಣದ ಲೇಪವನ್ನೋ ತೆಳುವಾದ ಹೊದಿಕೆಯನ್ನೋ ಕೂರಿಸಬಲ್ಲರು.

ಹೀಗೆಂದು ನಿತ್ಯದ ಶುಚಿಯನ್ನು ಕಡೆಗಣಿಸುವಂತಿಲ್ಲ. ಹುಳುಕುಹಲ್ಲಿನ ಕಥೆಯೇ ಬೇರೆ. ಅಲ್ಲಿ ಹುಳುವೆಂಬುದೇ ಇಲ್ಲ. ಬಾಯಿಯ ಸೂಕ್ಷ್ಮಜೀವಿಗಳು ನಾವು ತಿಂದ ಸಿಹಿಯನ್ನು ಹುಳಿ ಮಾಡುತ್ತವೆ, ಆ ಹುಳಿ ಕವಚವನ್ನು ಕರಗಿಸುತ್ತದೆ. ಸಿಹಿಯನ್ನು ಎಷ್ಟು ತಿಂದೆವೆಂಬುದಕ್ಕಿಂತ ದಿನಕ್ಕೆ ಎಷ್ಟು ಸಲ ತಿಂದೆವೆಂಬುದು ಮುಖ್ಯ. ರಾತ್ರಿ ಮಲಗುವಾಗ ಜೊಲ್ಲಿನ ರಕ್ಷಣೆಯೂ ಕಡಿಮೆಯಾಗುವುದರಿಂದ ಬೆಳಗಿನ ಉಜ್ಜುವಿಕೆಗಿಂತ ರಾತ್ರಿಯದೇ ಹೆಚ್ಚು ಬೆಲೆಯುಳ್ಳದ್ದು. ಮೂರು ವರ್ಷದೊಳಗಿನ ಮಗುವಿಗೆ ಅಕ್ಕಿಕಾಳಿನಷ್ಟು, ಆರು ವರ್ಷದವರೆಗೆ ಬಟಾಣಿಕಾಳಿನಷ್ಟು ಪೇಸ್ಟು ಸಾಕು. ಅದನ್ನು ನುಂಗದೆ ಉಗುಳಲು ಕಲಿಸಬೇಕು. ನೀರಿನಲ್ಲಿ ಫ್ಲೋರೈಡು ಹೆಚ್ಚಿರುವ ಊರಿನವರು ಚಿಕ್ಕಮಕ್ಕಳ ಪೇಸ್ಟಿನ ವಿಷಯದಲ್ಲಿ ವೈದ್ಯರನ್ನು ಕೇಳುವುದು ಲೇಸು.

ಆರನೆಯ ವಯಸ್ಸಿನಲ್ಲಿ, ಯಾವ ಹಲ್ಲೂ ಬೀಳದೆಯೇ, ಸಾಲಿನ ಹಿಂಬದಿಯಲ್ಲಿ ದವಡೆಹಲ್ಲೊಂದು ಹುಟ್ಟುತ್ತದೆ. ಹಾಲುಹಲ್ಲೆಂದು ತಿಳಿದು ತಾಯ್ತಂದೆಯರು ಅದನ್ನು ಅಲಕ್ಷಿಸುತ್ತಾರೆ. ಅದು ಕೊನೆಯವರೆಗೆ ಇರಬೇಕಾದ ಹಲ್ಲು. ಕಳೆದುಕೊಂಡರೆ ಸೂರಿನ ಮೇಲೆಸೆದು ಹೊಸದನ್ನು ಬೇಡುವಂತಿಲ್ಲ. ಹಲ್ಲುನೋವಿಗೆ ಲವಂಗದ ಎಣ್ಣೆ ಒಂದು ರಾತ್ರಿಯ ಮಟ್ಟಿಗೆ ನೆಮ್ಮದಿ ಕೊಡುತ್ತದೆ, ರೋಗವನ್ನು ಕಳೆಯುವುದಿಲ್ಲ. ನೋವಿನ ಹಲ್ಲಿಗೆ ಹೊಗೆಸೊಪ್ಪು ಒತ್ತಿಡುವ ಪದ್ಧತಿಯಂತೂ ಬೇಡವೇ ಬೇಡ. ಮೇಲಿನ ಹಲ್ಲು ಕೀಳಿಸಿದರೆ ಕಣ್ಣು ಮಂಜಾಗುವುದೆಂಬುದು ಬರಿಯ ಭ್ರಮೆ.

ಇನ್ನೊಂದು ಮಾತನ್ನು ಹೇಳಲು ಸಂಕೋಚವಾಗುತ್ತದೆ. ಏಕೆಂದರೆ ನಮ್ಮ ಎಷ್ಟೋ ಮನೆಗಳ ಅನ್ನ ಅಡಕೆಯ ತೋಟದಿಂದ ಬಂದದ್ದು. ಆದರೂ ಅಡಕೆಯನ್ನು ಅಗಿಯುವುದು ಕ್ಯಾನ್ಸರಿಗೆ ಕಾರಣವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 2004ರಲ್ಲಿ ಪ್ರಕಟಿಸಿತು. ಹೊಗೆಸೊಪ್ಪು ಸೇರಿದರೆ ಕೇಡು ಮತ್ತೂ ಹೆಚ್ಚು. ಬಾಯಿ ಮೊದಲಿನಷ್ಟು ಅಗಲ ತೆರೆಯದಿದ್ದರೆ, ಖಾರ ತಾಗಿದೊಡನೆ ಉರಿದರೆ, ಎರಡು ವಾರವಾದರೂ ಹುಣ್ಣು ಮಾಯದಿದ್ದರೆ ಕೂಡಲೇ ವೈದ್ಯರಿಗೆ ತೋರಿಸಬೇಕು.

ಮರುದಿನ ಆ ವಿದ್ಯಾರ್ಥಿನಿಯನ್ನು ಕರೆದು, ನಿನ್ನೆ ಹೇಳಿದ್ದು ತಪ್ಪೆಂದು ಒಪ್ಪಿಕೊಂಡೆ. ಮಿತ್ರರು ಹೇಳಿದ್ದೆಲ್ಲವನ್ನೂ ತಿಳಿಸಿದೆ. ತನ್ನ ಹಲ್ಲಿನ ಬಗೆಗೆ ಆಕೆ ಏನನ್ನೂ ಕೇಳಲಿಲ್ಲ. “ನಮ್ಮಕ್ಕ ಬಾಣಂತನಕ್ಕೆ ಬಂದವಳು ನಮ್ಮ ಮನೆಯಲ್ಲೇ ಇದ್ದಾಳೆ ಸಾರ್. ಮಗುವಿಗೆ ಇನ್ನೂ ಆರು ತಿಂಗಳು. ಈಗ ನೀರು ಬದಲಾಯಿಸಿದರೆ ಅದರ ಹಲ್ಲು ಚೆನ್ನಾಗಿ ಬರುತ್ತದೆಯೇ?” ಎಂದಳು.

ಬರುತ್ತದೆ, ಎಂದೆ. ಮೇಷ್ಟ್ರಾದವನು ಖಚಿತವಾಗಿ ಉತ್ತರ ಹೇಳಬಲ್ಲ ಪ್ರಶ್ನೆಗಳು ಅಪರೂಪ. ಅದು ಅಂತಹ ಒಂದು ಪ್ರಶ್ನೆಯಾಗಿತ್ತು.