ಹೊಣೆ ಹೊತ್ತ ಪೀಠ, ಶಾಲು ಹೊದಿಸುವ ನಾವು

ಊರಿನಿಂದ ಬರುವ ಕನ್ನಡ ಪತ್ರಿಕೆಯಲ್ಲಿ 'ಕುಲಪತಿ' ಎಂದು ಓದಿ ರೂಢಿಯಾದವರು ಥಾಣೆಯ ಮರಾಠಿ ಪತ್ರಿಕೆಯಲ್ಲಿ ಅದೇ ಪದವನ್ನು ಕಂಡಾಗ ಬೇರೊಬ್ಬರನ್ನು ನೆನೆಯಬೇಕಾಗುತ್ತದೆ. ಕರ್ನಾಟಕದ ಬಹುಕಾಲದ ರೂಢಿಯಲ್ಲಿ ಕುಲಪತಿಯೆಂದರೆ ವಿಶ್ವವಿದ್ಯಾಲಯದ ಆಡಳಿತವನ್ನು ನಡೆಸುವ ವೈಸ್ ಛಾನ್ಸಲರ್. ಮಹಾರಾಷ್ಟ್ರದಲ್ಲಿ ಕುಲಪತಿಯೆಂದರೆ ರಾಜ್ಯಪಾಲರು. ವೈಸ್ ಛಾನ್ಸಲರ್ ಇಲ್ಲಿ ಕುಲಗುರು. ಕುವೆಂಪು ಅವರು ಮೈಸೂರಿನಲ್ಲಿ ಆ ಪೀಠವನ್ನೇರಿದಾಗ ಬಳಕೆಯಲ್ಲಿದ್ದ ಮಾತು ಉಪಕುಲಪತಿ. ಉಪ, ಪತಿ, ಗುರು - ಒಂದೇ ಕುರ್ಚಿಗೆ ಮೂರು ಹೆಸರುಗಳು. ಒಂದರಲ್ಲಿ ಅಧೀನತೆಯಿದೆ, ಒಂದರಲ್ಲಿ ಒಡೆತನವಿದೆ, ಇನ್ನೊಂದರಲ್ಲಿ ಹಿರಿತನವಿದೆ. ಆ ಕುರ್ಚಿಯ ನಿಜಸ್ಥಿತಿ ಈ ಮೂರರ ನಡುವಿನ ಹೊಯ್ದಾಟವೇ ಆಗಿದೆ.

ಮಹಾರಾಷ್ಟ್ರ ಸಾರ್ವಜನಿಕ ವಿಶ್ವವಿದ್ಯಾಲಯಗಳ ಅಧಿನಿಯಮ, 2016ರ ಪ್ರಕಾರ ಶೋಧನಾ ಸಮಿತಿಯೊಂದು ಕನಿಷ್ಠ ಐವರ ಹೆಸರುಗಳನ್ನು ಸೂಚಿಸುತ್ತದೆ. ಅವರಲ್ಲೊಬ್ಬರನ್ನು ರಾಜ್ಯಪಾಲರು ನೇಮಿಸುತ್ತಾರೆ. ಅವಧಿ ಐದು ವರ್ಷ; ಮರುನೇಮಕವಿಲ್ಲ. ಕರ್ನಾಟಕದಲ್ಲಿ 2000ದ ಅಧಿನಿಯಮದಂತೆ ಅವಧಿ ನಾಲ್ಕೇ ವರ್ಷ. ನೇಮಕಕ್ಕೆ ರಾಜ್ಯ ಸರಕಾರದ ಸಹಮತವೂ ಬೇಕು. ನೇಮಕಗೊಂಡವರ ಮೇಲೆ ರಾಜಭವನದ ಕಣ್ಣಿದೆ, ಮಂತ್ರಾಲಯದ ಹಿಡಿತವಿದೆ, ವಿಶ್ವವಿದ್ಯಾಲಯ ಅನುದಾನ ಆಯೋಗದ ನಿಯಮಾವಳಿಯಿದೆ. ಪರೀಕ್ಷೆ ಬರೆದು ಕಾದು ಕುಳಿತ ವಿದ್ಯಾರ್ಥಿಯ ಕೈಯಲ್ಲಿ ಮಾತ್ರ ಯಾವ ಅಧಿಕಾರವೂ ಇಲ್ಲ.

ಆ ಕಾಯುವಿಕೆಯ ಬೆಲೆ ಏನೆಂಬುದನ್ನು 2017ರ ಬೇಸಗೆ ತೋರಿಸಿತು. ಮುಂಬಯಿ ವಿಶ್ವವಿದ್ಯಾಲಯವು ಎಲ್ಲ ವಿಭಾಗಗಳ ಉತ್ತರಪತ್ರಿಕೆಗಳನ್ನು ಗಣಕದ ಪರದೆಯ ಮೇಲೆ ತಿದ್ದಿಸುವ ಪದ್ಧತಿಯನ್ನು ಒಮ್ಮೆಗೇ ಜಾರಿಗೊಳಿಸಿತು. ಉತ್ತರಪತ್ರಿಕೆಗಳು ಹದಿನೇಳು ಲಕ್ಷದ ಆಸುಪಾಸು. ಪೂರ್ವಸಿದ್ಧತೆ ಸಾಲದಾಯಿತು. ರಾಜ್ಯಪಾಲರು ಜುಲೈ 31ರ ಗಡುವು ವಿಧಿಸಿದರು, ಗಡುವು ದಾಟಿತು, ಫಲಿತಾಂಶಗಳು ಸೆಪ್ಟೆಂಬರಿನವರೆಗೂ ಎಳೆದಾಡಿದವು. ಉನ್ನತ ವ್ಯಾಸಂಗಕ್ಕೆ ಹೊರಡಬೇಕಿದ್ದವರು, ನೌಕರಿಯ ಆದೇಶ ಪಡೆದು ಅಂಕಪಟ್ಟಿಗಾಗಿ ಕಾದವರು ಸಾವಿರಗಟ್ಟಲೆ ಮಂದಿ ಕಂಗಾಲಾದರು. ಆ ವರ್ಷದ ಅಕ್ಟೋಬರಿನಲ್ಲಿ ಕುಲಗುರುಗಳನ್ನು ಪದಚ್ಯುತಗೊಳಿಸಲಾಯಿತು. 1857ರಲ್ಲಿ ಸ್ಥಾಪನೆಯಾದ ಆ ಸಂಸ್ಥೆಯ ಚರಿತ್ರೆಯಲ್ಲಿ ಅದು ಮೊದಲ ಪ್ರಸಂಗ. ತಂತ್ರಜ್ಞಾನ ಕೆಟ್ಟದ್ದೆಂದು ಇದರಿಂದ ಸಿದ್ಧವಾಗುವುದಿಲ್ಲ. ಪರದೆಯ ಮೇಲಿನ ಮೌಲ್ಯಮಾಪನ ಮುಂದೆಯೂ ನಡೆದಿದೆ. ಆದರೆ ಮುಂಬಯಿಯಿಂದ ಸಿಂಧುದುರ್ಗದವರೆಗೆ ಏಳುನೂರಕ್ಕೂ ಹೆಚ್ಚು ಕಾಲೇಜುಗಳನ್ನು ಹೊತ್ತ ವ್ಯವಸ್ಥೆಯಲ್ಲಿ ಒಂದು ಆತುರದ ಆಜ್ಞೆ ಎಷ್ಟು ಮನೆಗಳ ನಿದ್ದೆ ಕೆಡಿಸಬಲ್ಲದು ಎಂಬುದು ಸಿದ್ಧವಾಯಿತು. ಮುಖ್ಯಸ್ಥರೊಬ್ಬರನ್ನು ಬದಲಿಸಿದ ಮಾತ್ರಕ್ಕೆ ವ್ಯವಸ್ಥೆ ಸರಿಯಾಗುವುದಿಲ್ಲ ಎಂಬುದೂ ಅಷ್ಟೇ ನಿಜ. 2022ರ ಸೆಪ್ಟೆಂಬರಿನಿಂದ 2023ರ ಜೂನ್‌ವರೆಗೆ ಇದೇ ವಿಶ್ವವಿದ್ಯಾಲಯ ಪ್ರಭಾರಿಗಳ ಕೈಯಲ್ಲೇ ನಡೆಯಿತು.

ಆ ಪೀಠದಲ್ಲಿ ಕುಳಿತು ಕಟ್ಟಿದವರ ಪರಂಪರೆಯೂ ನಮ್ಮಲ್ಲಿದೆ. ಹೊನ್ನಾವರದಲ್ಲಿ ಹುಟ್ಟಿದ ಸರ್ ನಾರಾಯಣ ಗಣೇಶ ಚಂದಾವರಕರರು ಕಳೆದ ಶತಮಾನದ ಆರಂಭದಲ್ಲಿ ಮುಂಬಯಿ ವಿಶ್ವವಿದ್ಯಾಲಯದ ಈ ಸ್ಥಾನವನ್ನು ಅಲಂಕರಿಸಿದ್ದರು. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯವು 1949ರಲ್ಲಿ ಜನ್ಮ ತಾಳಿದ್ದು ಮುಂಬಯಿಯಲ್ಲಿಯೇ ಎಂಬುದು ನಮ್ಮಲ್ಲಿ ಹಲವರಿಗೆ ಮರೆತುಹೋಗಿದೆ. ಮರುವರ್ಷ ಅದು ಧಾರವಾಡಕ್ಕೆ ಹೋಯಿತು. 1954ರಲ್ಲಿ ಅದರ ಹೊಣೆ ಹೊತ್ತ ಡಿ. ಸಿ. ಪಾವಟೆಯವರು ಕೇಂಬ್ರಿಜ್ಜಿನಲ್ಲಿ ಗಣಿತ ಓದಿದವರು, ಮುಂಬಯಿ ರಾಜ್ಯದ ಶಿಕ್ಷಣ ಇಲಾಖೆಯನ್ನು ನಡೆಸಿದವರು. 1967ರವರೆಗೆ, ಹದಿಮೂರು ವರ್ಷ, ಅವರು ಆ ಸ್ಥಾನದಲ್ಲಿದ್ದರು. ಛೋಟಾ ಮಹಾಬಳೇಶ್ವರದ ಗುಡ್ಡದ ಮೇಲಿನ ವಿಶಾಲ ಆವರಣ ಬಹುಮಟ್ಟಿಗೆ ಆ ಕಾಲದ ಫಲ. ಇತ್ತ ಮೈಸೂರಿನಲ್ಲಿ 1956ರಿಂದ 1960ರವರೆಗೆ ಕುವೆಂಪು. ಅವರಿಗೆ ಸಿಕ್ಕಿದ್ದು ನಾಲ್ಕೇ ವರ್ಷ. ಅಷ್ಟರಲ್ಲೇ ಮಾನಸಗಂಗೋತ್ರಿಯ ಕನಸು ನೆಲ ಕಂಡಿತು, ಉನ್ನತ ಶಿಕ್ಷಣಕ್ಕೆ ಕನ್ನಡವೂ ಮಾಧ್ಯಮವಾಗಬಲ್ಲದು ಎಂಬ ವಾದಕ್ಕೆ ಆಡಳಿತದ ಬಲ ಬಂದಿತು.

ಒಬ್ಬರು ನುರಿತ ಆಡಳಿತಗಾರರು, ಇನ್ನೊಬ್ಬರು ಕವಿ. ಹಾಗಾದರೆ ಈ ಪೀಠಕ್ಕೆ ಬೇಕಾದದ್ದು ಇಂಥದೇ ವೃತ್ತಿಯಲ್ಲ. ಸಂಸ್ಥೆ ತನಗಿಂತ ದೀರ್ಘಕಾಲ ಬಾಳುವುದೆಂಬ ಅರಿವು ಮತ್ತು ಅದಕ್ಕೆ ತಕ್ಕ ದುಡಿಮೆ. ಆದರೆ ಅವರ ಬೆನ್ನಿಗೆ ಕಟ್ಟುವ ಮನಸ್ಸಿನ ಸರಕಾರಗಳೂ ಇದ್ದವು ಎಂಬುದನ್ನು ಮರೆಯಲಾಗದು. 2023ರಲ್ಲಿ ಕರ್ನಾಟಕದಲ್ಲಿ ಹಾವೇರಿ, ಕೊಪ್ಪಳ, ಬೀದರ, ಚಾಮರಾಜನಗರ ಮುಂತಾದೆಡೆ ಹೊಸ ವಿಶ್ವವಿದ್ಯಾಲಯಗಳು ಅಲ್ಪ ಅನುದಾನದೊಂದಿಗೆ ಆರಂಭವಾದವು. 2025ರ ಫೆಬ್ರವರಿಯ ಹೊತ್ತಿಗೆ ಅವುಗಳಲ್ಲಿ ಹಲವನ್ನು ಮುಚ್ಚುವ ವಿಚಾರ ಸಚಿವ ಸಂಪುಟದ ಉಪಸಮಿತಿಯ ಮುಂದಿತ್ತು. ಹಣವಿಲ್ಲದೆ, ಕಾಯಂ ಅಧ್ಯಾಪಕರಿಲ್ಲದೆ ಕುಲಪತಿಯೊಬ್ಬರನ್ನು ನೇಮಿಸುವುದು ಎತ್ತಿಲ್ಲದವನಿಗೆ ನೇಗಿಲು ಕೊಟ್ಟಂತೆ.

ಇಷ್ಟನ್ನೂ ಹೊರನಾಡಿನ ಸಂಘದ ತ್ರೈಮಾಸಿಕದಲ್ಲಿ ಏಕೆ ಬರೆಯುತ್ತಿದ್ದೇನೆ ಎಂದು ವಾಚಕರು ಕೇಳಬಹುದು. ನಮ್ಮ ಹಿರಿಯರಲ್ಲಿ ಅನೇಕರು ಹಗಲು ಹೋಟೆಲುಗಳಲ್ಲಿ ದುಡಿದು ರಾತ್ರಿಶಾಲೆಗಳಲ್ಲಿ ಅಕ್ಷರ ಕಲಿತವರು. ಅವರ ಮೊಮ್ಮಕ್ಕಳು ಇಂದು ಘೋಡಬಂದರ್ ರಸ್ತೆಯ ವಸತಿ ಸಂಕೀರ್ಣಗಳಿಂದ, ಡೊಂಬಿವಲಿ, ಕಲ್ಯಾಣಗಳಿಂದ ಕಾಲೇಜಿಗೆ ಹೋಗುತ್ತಾರೆ. ಶ್ರೀಮಂತರಿಗೆ ಖಾಸಗಿ ವಿಶ್ವವಿದ್ಯಾಲಯವಿದೆ, ವಿದೇಶವಿದೆ. ಮಧ್ಯಮ ವರ್ಗದವರಿಗೆ, ಬಡವರಿಗೆ ಸಾರ್ವಜನಿಕ ವಿಶ್ವವಿದ್ಯಾಲಯವೇ ಗತಿ. ಥಾಣೆಯ ಬಾಳ್ಕುಮ್‌ನಲ್ಲಿ ಮುಂಬಯಿ ವಿಶ್ವವಿದ್ಯಾಲಯದ ಉಪಕೇಂದ್ರವಿದೆ. ಕಲೀನಾದ ವಿದ್ಯಾನಗರಿಯಲ್ಲಿ ನಮ್ಮ ನುಡಿಗೊಂದು ಕನ್ನಡ ವಿಭಾಗವಿದೆ. ಅವು ಬೆಳೆಯುವುದೂ ಬಾಡುವುದೂ ನಮ್ಮ ಮನೆಯ ವಿಷಯ.

ಆದರೆ ನಾವು ಮಾಡುತ್ತಿರುವುದೇನು? ಕುಲಪತಿಗಳೋ ಕುಲಗುರುಗಳೋ ನಮ್ಮ ವೇದಿಕೆಗೆ ಬಂದರೆ ಶಾಲು ಹೊದಿಸಿ, ಫಲಪುಷ್ಪವಿತ್ತು, ಸ್ಮರಣಿಕೆಯೊಂದಿಗೆ ಛಾಯಾಚಿತ್ರ ತೆಗೆಸಿ ಕೃತಾರ್ಥರಾಗುತ್ತೇವೆ. ಅತಿಥಿಸತ್ಕಾರ ನಮ್ಮ ಸಂಸ್ಕೃತಿ, ಅದು ಇರಲಿ. ಆದರೆ ಶಾಲು ಹೊದಿಸಿದ ಕೈಗಳು ವಿನಯದಿಂದ ಮೂರು ಪ್ರಶ್ನೆಗಳನ್ನೂ ಮುಂದಿಡಲಿ: ಫಲಿತಾಂಶ ಯಾವ ದಿನ? ಖಾಲಿ ಬಿದ್ದಿರುವ ಅಧ್ಯಾಪಕ ಸ್ಥಾನಗಳೆಷ್ಟು, ತುಂಬುವುದು ಯಾವಾಗ? ಕನ್ನಡ ವಿಭಾಗಕ್ಕೆ ಮುಂದಿನ ಅಧ್ಯಾಪಕರು ಯಾರು?

ಇದಕ್ಕಿಂತ ಮುಖ್ಯವಾದ ಇನ್ನೊಂದು ದಾರಿಯಿದೆ. ಮುಂಬಯಿ ವಿಶ್ವವಿದ್ಯಾಲಯದ ಸೆನೆಟ್ಟಿನಲ್ಲಿ ನೋಂದಾಯಿತ ಪದವೀಧರರು ಆರಿಸಿ ಕಳುಹಿಸುವ ಹತ್ತು ಸ್ಥಾನಗಳಿವೆ. ಕುಲಗುರುಗಳೇ ಅಧ್ಯಕ್ಷರಾಗಿ ಕೂರುವ ಆ ಸಭೆಯಲ್ಲಿ ಅವರನ್ನು ಪ್ರಶ್ನಿಸುವ ಹಕ್ಕು ಈ ಪ್ರತಿನಿಧಿಗಳಿಗಿದೆ. ಎರಡು ವರ್ಷ ತಡವಾಗಿ 2024ರ ಸೆಪ್ಟೆಂಬರಿನಲ್ಲಿ ನಡೆದ ಚುನಾವಣೆಯಲ್ಲಿ ಮತದಾರರ ಪಟ್ಟಿಯಲ್ಲಿದ್ದವರು ಸುಮಾರು 13 ಸಾವಿರ ಮಾತ್ರ. ಪದವೀಧರರೋ ಲಕ್ಷಲಕ್ಷ! ನಮ್ಮ ಸಂಘಗಳ ಸದಸ್ಯರಲ್ಲಿ ಈ ವಿಶ್ವವಿದ್ಯಾಲಯದ ಪದವಿ ಪಡೆದವರು ಬೇಕಾದಷ್ಟು ಜನರಿದ್ದಾರೆ. ಮುಂದಿನ ನೋಂದಣಿ ತೆರೆದಾಗ ಸಂಘದ ಕಚೇರಿಯಲ್ಲೇ ಅರ್ಜಿ ತುಂಬಿಸುವ ಮೇಜು ಹಾಕೋಣ. ರಾಜ್ಯೋತ್ಸವಕ್ಕೆ ಮೆರವಣಿಗೆ ಸಿದ್ಧಪಡಿಸುವ ಉತ್ಸಾಹದ ಕಾಲುಭಾಗ ಇದಕ್ಕೆ ಸಾಕು.

ಪೀಠದಲ್ಲಿ ಕುಳಿತವರು ನಾಲ್ಕೈದು ವರ್ಷದಲ್ಲಿ ಇಳಿಯುತ್ತಾರೆ. ಅಲ್ಲಿಗೆ ಕಳುಹಿಸಲು ನಮ್ಮ ಮನೆಗಳಲ್ಲಿ ಪ್ರತಿವರ್ಷ ಹೊಸ ಮಕ್ಕಳು ಸಿದ್ಧವಾಗುತ್ತಾರೆ. ಯೋಗ್ಯರು ಆ ಸ್ಥಾನಕ್ಕೆ ಬಂದರೆ ಅವರಿಗೆ ಬೆನ್ನಾಗಿ ನಿಲ್ಲುವ, ತಪ್ಪಿದರೆ ತಡೆದು ಕೇಳುವ ನಾಗರಿಕ ಸಮುದಾಯವಾಗಿ ಹೊರನಾಡ ಕನ್ನಡಿಗರು ನಿಲ್ಲಲಿ ಎಂಬುದು ಈ ಸಂಚಿಕೆಯ ಆಶಯ.