ಪಾರ್ಕಿಗೆ ರೇಡಿಯೊ ಹೊತ್ತು ಹೋಗುವುದು ಬರೀ ಪಿಕ್‌ನಿಕ್ಕೇ?



ಹೋದ ಶನಿವಾರ ವಿಜ್ಞಾನದ ಮೇಷ್ಟ್ರು ಹ್ಯಾಮ್ ರೇಡಿಯೊ ವಿಷಯ ಹೇಳುತ್ತಿದ್ದಾಗ ಹಿಂದಿನ ಬೆಂಚಿನಿಂದ ಒಂದು ಪ್ರಶ್ನೆ ಬಂತು. "ಮೊಬೈಲು ಇರೋವಾಗ ಇದೆಲ್ಲ ಯಾಕೆ ಸಾರ್?" ಇಡೀ ಕ್ಲಾಸು ನಕ್ಕಿತು. ನಾನೂ ನಕ್ಕೆ. ಆದರೆ ಮನೆಗೆ ಹೋಗುವಾಗ ಕಳೆದ ಮಳೆಗಾಲ ನೆನಪಾಯಿತು. ಗಾಳಿಗೆ ಲೈನು ಕಡಿದು ಎರಡು ದಿನ ಕರೆಂಟಿರಲಿಲ್ಲ. ಮೊದಲನೇ ದಿನ ಸಂಜೆಗೇ ಟವರೂ ನಿಂತಿತ್ತು. ಆಸ್ಪತ್ರೆಯಲ್ಲಿದ್ದ ಅಜ್ಜನ ಸುದ್ದಿ ತಿಳಿಯಲು ಅಪ್ಪ ಮಳೆಯಲ್ಲೇ ಸೈಕಲ್ ತುಳಿದುಕೊಂಡು ಪೇಟೆಗೆ ಹೋಗಬೇಕಾಯಿತು.

ಹ್ಯಾಮ್ ಅಂದರೆ ಪರೀಕ್ಷೆ ಪಾಸಾಗಿ, ಸರಕಾರದ ಲೈಸೆನ್ಸ್ ಪಡೆದು, ಹವ್ಯಾಸಕ್ಕಾಗಿ ಸ್ವಂತ ರೇಡಿಯೊ ಕೇಂದ್ರ ನಡೆಸುವವರು. ಅಮೆರಿಕದಲ್ಲಿ ಇವರ ಕ್ಲಬ್ಬುಗಳು ರಜೆಯಲ್ಲಿ ಪಾರ್ಕುಗಳಿಗೆ ಹೋಗಿ ಅಲ್ಲಿಂದ ಮಾತಾಡುವ ಅಭ್ಯಾಸ ಮಾಡುತ್ತವೆ. ಬಯಲಲ್ಲಿ ಕೇಂದ್ರ ಹೂಡುವ 'ಫೀಲ್ಡ್ ಡೇ' 1933ರಲ್ಲೇ ಶುರುವಾಗಿದೆ. 2016ರಲ್ಲಿ ಅಲ್ಲಿನ ರಾಷ್ಟ್ರೀಯ ಉದ್ಯಾನಗಳ ಇಲಾಖೆಗೆ ನೂರು ವರ್ಷ ತುಂಬಿತೆಂದು ವರ್ಷವಿಡೀ ಪಾರ್ಕುಗಳಿಂದ ರೇಡಿಯೊ ನಡೆಸಿದರು. ರುಚಿ ಹತ್ತಿದವರು ಆಮೇಲೆ 'ಪಾರ್ಕ್ಸ್ ಆನ್ ದಿ ಏರ್' ಎಂದು ಮುಂದುವರಿಸಿದರು.

ನೋಡಿದವರಿಗೆ ಇದು ಪಿಕ್‌ನಿಕ್ಕೇ. ಬುತ್ತಿ, ಮಡಚುವ ಕುರ್ಚಿ, ಹರಟೆ. ಆದರೆ ಕೆಲಸ ನೋಡಿ. ಗೋಡೆಯಲ್ಲಿ ಪ್ಲಗ್ಗಿಲ್ಲ, ಬ್ಯಾಟರಿಯೇ ಗತಿ. ನಾವು ಹುಣಸೆಕಾಯಿಗೆ ಕಲ್ಲು ಬೀಸುವ ಹಾಗೆ ದಾರಕ್ಕೆ ಕಲ್ಲು ಕಟ್ಟಿ ಕೊಂಬೆಯ ಮೇಲೆ ಎಸೆದು ಆಂಟೆನಾ ತಂತಿ ಎಳೆಯಬೇಕು. 14 ಮೆಗಾಹರ್ಟ್ಸ್‌ಗೆ ಸುಮಾರು 10 ಮೀಟರ್ ತಂತಿ, ನಡುವೆ ಕತ್ತರಿಸಿ ಅಲ್ಲಿಂದ ರೇಡಿಯೊಗೆ ಕೇಬಲ್. ಹೊರಗೆ ಬಿಡುವ ಶಕ್ತಿ 5 ವಾಟ್ ಇದ್ದರೂ ನಡೆಯುತ್ತದೆ, ಸಣ್ಣ ಎಲ್‌ಇಡಿ ಬಲ್ಬಿನಷ್ಟು! ಅನುಕೂಲದ ದಿನ ಆ ಅಲೆ ಮೇಲಿನ ಅಯಾನುಗೋಳದಲ್ಲಿ ಬಾಗಿ ಸಾವಿರಾರು ಕಿಲೋಮೀಟರ್ ಆಚೆ ಇಳಿಯುತ್ತದೆ. ಇಷ್ಟಾಗಿ ಕೇಬಲ್ ತುದಿಯ ಒಂದು ಕನೆಕ್ಟರು ಮನೆಯಲ್ಲೇ ಉಳಿದರೆ ಎಲ್ಲ ನೀರಲ್ಲಿ ಹೋಮ. ಪಾರ್ಕಿನಲ್ಲಿ ಮರೆತರೆ ನಾಲ್ಕು ಜನ ನಗುತ್ತಾರೆ. ಪ್ರವಾಹದಲ್ಲಿ ಮರೆತರೆ?

2004ರ ಡಿಸೆಂಬರ್ 26ರಂದು ಸುನಾಮಿ ಬಂದಾಗ ದೆಹಲಿಯ ಹ್ಯಾಮ್ ಭಾರತಿ ಪ್ರಸಾದ್ ಅಂಡಮಾನಿನ ಪೋರ್ಟ್ ಬ್ಲೇರಿನಲ್ಲಿದ್ದರು. ಹವ್ಯಾಸಕ್ಕೆಂದು ಒಯ್ದಿದ್ದ ರೇಡಿಯೊದಿಂದಲೇ ಅಲ್ಲಿನವರ ಕ್ಷೇಮ ಸಮಾಚಾರ ಹೊರಗೆ ಹೋಯಿತು. ಮನೆ ಬಿಟ್ಟು ಹೊರಗೆ ಕೇಂದ್ರ ಹೂಡಿ ರೂಢಿಯಿದ್ದವರಿಗೇ ಅಂಥಾ ಕೆಲಸ ಆಗುವುದು ಅಂತ ನನ್ನ ಅಭಿಪ್ರಾಯ.

ಒಂದು ತಕರಾರೂ ಇದೆ. ಪಾರ್ಕ್ಸ್ ಆನ್ ದಿ ಏರ್‌ನಲ್ಲಿ ಒಂದು ದಿನದೊಳಗೆ 10 ಸಂಪರ್ಕ ಆದರೆ ಮಾತ್ರ ಆ ಪಾರ್ಕು ಲೆಕ್ಕಕ್ಕೆ. ಲೆಕ್ಕದ ಆಸೆಗೆ ಪಳಗಿದವರೇ ಮೈಕು ಹಿಡಿದು ಕೂತರೆ ಹೊಸಬರು ಬುತ್ತಿ ಕಾಯಬೇಕಷ್ಟೆ. (ನಮ್ಮ ಕಬಡ್ಡಿ ತಂಡದಲ್ಲೂ ಇದೇ ಗೋಳು.) ತಂತಿ ಕಟ್ಟುವುದು, ಮಾತಾಡುವುದು ಹೊಸಬರಿಗೇ ಬಿಟ್ಟು ಹಿರಿಯರು ಕೈಕಟ್ಟಿ ನೋಡಲಿ. ಸಂಪರ್ಕ ನಾಲ್ಕೇ ಆದರೂ ಚಿಂತೆಯಿಲ್ಲ.

ಹಿಂದಿನ ಬೆಂಚಿನ ಗೆಳೆಯಾ, ಪೇಟೆಯಿಂದ ಒಬ್ಬ ಹ್ಯಾಮ್‌ರನ್ನು ಕರೆಸುತ್ತೇನೆಂದು ಮೇಷ್ಟ್ರು ಹೇಳಿದ್ದಾರೆ. ಲೈಸೆನ್ಸ್ ಇಲ್ಲದ ನಾವು ಅದರಲ್ಲಿ ಮಾತಾಡುವಂತಿಲ್ಲ, ತಂತಿ ಕಟ್ಟಲು ಅಡ್ಡಿಯಿಲ್ಲ. ಶಾಲೆ ಹಿಂದಿನ ಹುಣಸೆಮರಕ್ಕೆ ಕಲ್ಲು ಬೀಸುವ ಕೆಲಸ ನಿನ್ನದು.

— ಹತ್ತನೇ ತರಗತಿಯ ವಿದ್ಯಾರ್ಥಿ