ಮಕ್ಕಳ ಕೈಗೆ ಯಾವ ಆ್ಯಪ್?

ಮಂಡ್ಯ, ಮದ್ದೂರು, ಮಳವಳ್ಳಿಗಳ ನಮ್ಮ ಮನೆಗಳಲ್ಲಿ ಇಂದು ಶಾಲೆಯ ಪಾಠ, ಮದ್ರಸದ ಸೂಚನೆ, ಬಂಧುಗಳ ಕುಶಲ ಎಲ್ಲವೂ ಮೊಬೈಲಿನ ಮೂಲಕವೇ ಬರುತ್ತವೆ. ಆದ್ದರಿಂದ ಮಕ್ಕಳಿಂದ ಅದನ್ನು ಕಸಿದುಕೊಳ್ಳುವುದು ಪರಿಹಾರವಲ್ಲ.

ಹಾಗಾದರೆ ಯಾವ ಆ್ಯಪ್ ಸುರಕ್ಷಿತ? ವಾಟ್ಸ್ಯಾಪ್, ಸಿಗ್ನಲ್‌ಗಳಲ್ಲಿ ಇಬ್ಬರ ನಡುವಿನ ಸಂದೇಶವನ್ನು ದಾರಿಯಲ್ಲಿ ಮೂರನೆಯವರು ಓದಲಾಗದು. ಟೆಲಿಗ್ರಾಮ್‌ನ ಸಾಮಾನ್ಯ ಸಂಭಾಷಣೆಗೆ ಈ ಪೂರ್ಣ ರಕ್ಷಣೆಯಿಲ್ಲ. ಅಪರಿಚಿತರ ಬೃಹತ್ ಗುಂಪುಗಳೂ ಅಲ್ಲಿವೆ. ಆದರೆ ಬೀಗ ಭದ್ರವಾಗಿದ್ದ ಮಾತ್ರಕ್ಕೆ ಒಳಗಿರುವವರು ಸಜ್ಜನರೆಂದು ಅರ್ಥವಲ್ಲ. ಗುಂಪಿಗೆ ಸೇರಿಸುವ, ಫೋಟೋ ನೋಡುವ ಅವಕಾಶ ಪರಿಚಿತರಿಗಷ್ಟೇ ಇರುವಂತೆ ಹೆತ್ತವರು ಮಕ್ಕಳ ಜೊತೆ ಕುಳಿತು ಸೆಟ್ಟಿಂಗ್ ಬದಲಿಸಬೇಕು.

2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯು 18 ವರ್ಷದೊಳಗಿನವರ ಮಾಹಿತಿ ಬಳಸಲು ಹೆತ್ತವರ ಒಪ್ಪಿಗೆ ಬೇಕೆನ್ನುತ್ತದೆ. ಆದರೆ ತಂದೆಯ ಫೋನಿನಲ್ಲಿ ಒಪ್ಪಿಗೆಯ ಗುಂಡಿ ಒತ್ತುವವರು ಮಕ್ಕಳೇ ಆದರೆ ಕಾನೂನು ಏನು ಮಾಡೀತು?

ಇದಕ್ಕಿಂತ ಕಹಿಯಾದ ಸತ್ಯವೊಂದಿದೆ. ಫೋಟೋ ತೋರಿಸಿ ಬೆದರಿಸುವವನ ನಿಜವಾದ ಬಲವಿರುವುದು ಆ್ಯಪಿನಲ್ಲಲ್ಲ. 'ಅಬ್ಬಾಗೆ ತಿಳಿದರೆ ನನ್ನ ಓದು ನಿಲ್ಲುತ್ತದೆ' ಎಂಬ ಮಗಳ ಭಯದಲ್ಲಿ. ತಪ್ಪು ಬೆದರಿಸಿದವನದ್ದು, ಶಿಕ್ಷೆ ಮಗಳಿಗೆ! ಇದು ಯಾವ ನ್ಯಾಯ? 1098ರ ಮಕ್ಕಳ ಸಹಾಯವಾಣಿಯಿದೆ, 1930ರ ಸೈಬರ್ ಸಹಾಯವಾಣಿಯಿದೆ. ಆದರೆ ಮಗು ಮೊದಲು ಕರೆಯಬೇಕಾದದ್ದು ತಾಯಿತಂದೆಯರನ್ನು. ಆ ಧೈರ್ಯವನ್ನು ಯಾವ ಆ್ಯಪೂ ಕೊಡಲಾರದು, ನಾವೇ ಕೊಡಬೇಕು.